ಹಳಿ ಹಾಯದ ಕಂಬ

ಮನುಷ್ಯರ ಹೆಬ್ಬೆರಳಿಗೆ ಇರುವಂಥ ಗುರುತು ಕಾಂಕ್ರೀಟಿನ ಕಂಬಕ್ಕೂ ಇದ್ದರೆ?

ಈ ಪ್ರಶ್ನೆ ಹಿಡಿದುಕೊಂಡು ಅನಸೂಯಾ ಮುಳಗುಂದ ಧಾರವಾಡದ ಕಾಲೇಜೊಂದರ ಹಿಂಭಾಗದಲ್ಲಿ ಎರಡು ಕೋಣೆಯ ಪ್ರಯೋಗಾಲಯ ತೆರೆದಾಗ ನಕ್ಕವರೇ ಹೆಚ್ಚು. ಆದರೆ ಗುರುತು ನಿಜವಾಗಿಯೂ ಇತ್ತು. ಕಬ್ಬಿಣದ ಅಚ್ಚಿನೊಳಗೆ ಕಾಂಕ್ರೀಟು ಸುರಿಯುವಾಗ ಒಂದಿಷ್ಟು ಗಾಳಿಗುಳ್ಳೆಗಳು ಅಚ್ಚಿನ ಗೋಡೆಗೆ ಅಂಟಿ ಉಳಿಯುತ್ತವೆ. ಅಚ್ಚು ಬಿಚ್ಚಿದ ಮೇಲೆ ಕಂಬದ ಮೈಯಲ್ಲಿ ಸಾಸಿವೆಯಷ್ಟು, ಕಡಲೆಯಷ್ಟು ಕುಳಿಗಳು ಕಾಣುತ್ತವೆ. ಅವು ಎಲ್ಲಿ ಬೀಳಬೇಕೆಂದು ಯಾರೂ ತೀರ್ಮಾನಿಸಿದ್ದಲ್ಲ. ಹಾಗಾಗಿ ಒಂದು ಕಂಬದ ಕುಳಿಗಳ ಹರವು ಇನ್ನೊಂದು ಕಂಬಕ್ಕೆ ಬರುವುದಿಲ್ಲ. ಹಳೆಯ ಫೋಟೊದಲ್ಲಿ ಕಂಬದ ಅಂಗೈಯಗಲ ಭಾಗ ಸ್ಪಷ್ಟವಾಗಿ ಕಂಡರೂ ಸಾಕು, ಅದು ಯಾವ ಕಂಬವೆಂದು ಹೇಳುವ ಯಂತ್ರವನ್ನು ಅನಸೂಯಾ ಕಟ್ಟಿದಳು. ಅದಕ್ಕೆ ‘ಕುರುಹು’ ಎಂದು ಹೆಸರಿಟ್ಟಳು.

ಅದಕ್ಕೆ ಕೆಲಸ ಸಿಕ್ಕಿದ್ದು 2085ರ ಬೇಸಿಗೆಯಲ್ಲಿ. ಹುಬ್ಬಳ್ಳಿ–ಧಾರವಾಡ ಮೆಟ್ರೊಗೆ ಆಗ ನಲವತ್ತು ತುಂಬುವುದಿತ್ತು. ಕಟ್ಟಿದವರ ಫೋಟೊಗಳನ್ನು ಕಟ್ಟಿದ ಜಾಗದಲ್ಲೇ ತೋರಿಸಬೇಕೆಂದು ಮೆಟ್ರೊದವರು ಆಸೆಪಟ್ಟರು. ಕಂಬದ ಕೆಳಗೆ ನಿಂತು ಕನ್ನಡಕ ಹಾಕಿಕೊಂಡರೆ ಅದೇ ಜಾಗದಲ್ಲಿ ಆಗ ದುಡಿದವರು ಕಣ್ಣೆದುರು ನಿಲ್ಲಬೇಕು. ಜನ ಅಜ್ಜ-ಅಜ್ಜಿಯರ ಹಳೆಯ ಫೋನುಗಳಿಂದ ಸಾವಿರಗಟ್ಟಲೆ ಚಿತ್ರ ಕಳಿಸಿದರು. ಆದರೆ ಫೋಟೊಗಳು ಮೆಸೇಜಿನಲ್ಲಿ ಒಬ್ಬರಿಂದೊಬ್ಬರಿಗೆ ದಾಟುವಾಗ ಜಾಗದ ವಿವರ ಉದುರಿಹೋಗಿತ್ತು. ಉಳಿದದ್ದು ತಾರೀಕು ಮಾತ್ರ.

ಹೋಲಿಸಿ ನೋಡಲು ಈಗಿನ ಕಂಬಗಳ ಚಿತ್ರ ಬೇಕಲ್ಲ, ಅದು ರಾಯಾಪುರದ ನಿಯಂತ್ರಣ ಕೊಠಡಿಯಲ್ಲಿ ತಯಾರಿತ್ತು. ಕೊನೆಯ ರೈಲು ಹೋದ ಮೇಲೆ ಹಳಿಗಳ ಮೇಲೆ ಒಂದು ಗಸ್ತು ಬಂಡಿ ಓಡುತ್ತದೆ. ಅದು ತನ್ನ ಉದ್ದನೆಯ ತೋಳುಗಳನ್ನು ಕೆಳಗೆ ಚಾಚಿ, ಬಣ್ಣದ ಪದರದ ಒಳಗೂ ಹೊಗುವ ಸೂಕ್ಷ್ಮ ತರಂಗಗಳಿಂದ ಪ್ರತಿ ಕಂಬದ ಮೈ ಓದಿ, ಬಿರುಕು ಬಿಟ್ಟಿದೆಯೇ ಎಂದು ನೋಡುತ್ತದೆ. ಬಿರುಕು ಹುಡುಕುವವರಿಗೆ ಬೇಡವಾದ ಕುಳಿಗಳೇ ಅನಸೂಯಾಳಿಗೆ ಬೇಕಾಗಿದ್ದವು.

ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ಎಲ್ಲ ಚಿತ್ರಗಳೂ ತಮ್ಮ ತಮ್ಮ ಕಂಬ ಸೇರಿದವು. ಒಂದು ಮಾತ್ರ ಸೇರಲಿಲ್ಲ.

ಆ ಚಿತ್ರದಲ್ಲಿ ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಸೆರಗನ್ನು ತಲೆಗೆ ಸುತ್ತಿ ಅದರ ಮೇಲೆ ಹಳದಿ ಹೆಲ್ಮೆಟ್ ಇಟ್ಟುಕೊಂಡು, ಆಗಷ್ಟೇ ಅಚ್ಚು ಬಿಚ್ಚಿದ ಕಂಬದ ಮುಂದೆ ನಿಂತಿದ್ದಳು. ಕಂಬದ ನೆತ್ತಿಯ ಮೇಲೆ ಅಡ್ಡತೊಲೆ ಕೂತಿತ್ತು. ಹೆಣ್ಣುಮಗಳ ಸೊಂಟದ ಮೇಲೆ ಮೂರು ವರ್ಷದ ಹುಡುಗಿ. ಹುಡುಗಿ ಕ್ಯಾಮೆರಾ ನೋಡದೆ ತಾಯಿಯ ಮುಖ ನೋಡುತ್ತಿತ್ತು. ತಾಯಿಯ ಹೆಗಲ ಮೇಲಿದ್ದ ಅದರ ಎಡಗೈಯಲ್ಲಿ ಆರು ಬೆರಳು.

“ಮೇಡಂ, ಎಷ್ಟು ಸಲ ತಿರುವಿ ಹಾಕೇನ್ರಿ,” ಎಂದ ನಿಯಂತ್ರಣ ಕೊಠಡಿಯ ಎಂಜಿನಿಯರ್ ಫಯಾಜ್ ಹೆಬ್ಬಳ್ಳಿ. ಎದುರಿನ ಗೋಡೆಯ ತುಂಬ ರೈಲುಗಳು ಹಸಿರು ಚುಕ್ಕೆಗಳಾಗಿ ಹರಿಯುತ್ತಿದ್ದವು. “ನಮ್ಮ ಲೈನಿನ ಒಂದು ಕಂಬಾನೂ ಇದಕ್ಕ ಹೊಂದವಲ್ದು. ಬ್ಯಾರೆ ಊರಿಂದು ಇರಬೇಕ್ರಿ.”

“ಇದನ್ನ ಕಳಿಸಿದವರ ಮಾವ ಇಲ್ಲೇ ಸೈಟ್ ಎಂಜಿನಿಯರ್ ಇದ್ರು. ಅವರ ಫೋನಿನ ಉಳಿದ ಫೋಟೊ ಎಲ್ಲಾ ಇದ ಲೈನಿನ ಮ್ಯಾಲಿನೂ ಅದಾವು. ಇದೊಂದ ಹೆಂಗ ಬ್ಯಾರೆ ಊರಿಂದು ಆಗ್ತೈತಿ?”

“ಅವರನ್ನ ಕೇಳಬೇಕಂದ್ರ ಅವರಿಲ್ಲ. ‘ಜಾಗ ಗೊತ್ತಾಗಿಲ್ಲ’ ಅಂತ ಬರದು ಬಾಜೂಕ ಇಡೋಣ್ರಿ. ಪ್ರದರ್ಶನ ಹತ್ರ ಬಂತು.”

ಅನಸೂಯಾ ಒಪ್ಪಲಿಲ್ಲ. ತನ್ನ ಯಂತ್ರ ಸೋಲಬಾರದೆಂಬ ಹಟ ಒಂದಿಷ್ಟಿತ್ತು. ಅದಕ್ಕಿಂತ ಹೆಚ್ಚಾಗಿ, ತಾಯಿಯ ಮುಖವನ್ನೇ ನೋಡುತ್ತಿದ್ದ ಆ ಮಗುವನ್ನು ಬದಿಗೆ ಸರಿಸಲು ಅವಳಿಗೆ ಮನಸ್ಸಾಗಲಿಲ್ಲ. ‘ಇದು ಎಲ್ಲಿ? ಬಲ್ಲವರು ತಿಳಿಸಿ’ ಎಂದು ಬರೆದು ಚಿತ್ರವನ್ನು ಪ್ರದರ್ಶನದ ಜಾಲತಾಣದಲ್ಲಿ ಹಾಕಿಸಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲಲ್ಲಿ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಬೆಳಗಾವಿಯಿಂದ ಮೊದಲ ರೈಲಿಗೆ ಬಂದಿದ್ದಳು. ಹೆಸರು ಮಂದಾಕಿನಿ, ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತೆಗೆಯುವ ಕೆಲಸ.

“ಆ ಫೋಟೊದಾಗಿನ ಕೂಸು ನಾನ ಇರಬೇಕು ಅನಸ್ತೈತ್ರಿ,” ಎಂದು ಎಡಗೈ ಮುಂದೆ ಚಾಚಿದಳು. ಕಿರುಬೆರಳ ಪಕ್ಕದಲ್ಲಿ ಹಳೆಯ ಹೊಲಿಗೆಯ ಗೆರೆ ಇತ್ತು. “ಆರನೇ ಬೆರಳು ಸಣ್ಣಾಕಿದ್ದಾಗ ತಗಿಸ್ಯಾರ.”

ಅನಸೂಯಾ ಕುರ್ಚಿ ಎಳೆದು ಕೂರಿಸಿದಳು. ಆರು ಬೆರಳಿನ ಮಕ್ಕಳು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಹಾಗೆಂದು ನೇರವಾಗಿ ಹೇಳುವುದು ಕಠಿಣ.

“ನಿಮ್ಮ ಅವ್ವ-ಅಪ್ಪ?”

“ಗೊತ್ತಿಲ್ರಿ. ಮೂವತ್ತೊಂಬತ್ತನೇ ಇಸವಿ ಅಕ್ಟೋಬರದಾಗ ಭಾಳ ಮಳಿ ಆಗಿತ್ತಂತ. ಹುಬ್ಬಳ್ಳಿ ಹೊರಗ ಒಂದು ಹಳ್ಳದ ಪೊದಿಯೊಳಗ ನಾ ಸಿಕ್ಕೀನಿ. ದವಾಖಾನಿಯೊಳಗ ತಿಂಗಳಗಟ್ಟಲೆ ಜ್ವರ, ಮಾತ ನಿಂತಿದ್ದುವು. ಯಾರೂ ಹುಡುಕ್ಕೋತ ಬರಲಿಲ್ಲ. ಆಮ್ಯಾಲೆ ಬೆಳಗಾವಿ ಬಾಲಮಂದಿರಕ್ಕ ಕಳಿಸಿದ್ರು. ನೀರಿನಾಗ ಸಿಕ್ಕಾಕಿ ಅಂತ ಅಲ್ಲಿ ನಮ್ಮನ್ನ ನೋಡ್ಕೊಳ್ಳೂ ಬಾಯಿ ಮಂದಾಕಿನಿ ಅಂತ ಹೆಸರಿಟ್ರು.” ಕೈ ಹಿಂದಕ್ಕೆಳೆದುಕೊಂಡು ಹೇಳಿದಳು, “ಯಾರೂ ಬರಲಿಲ್ಲ ಅಂದ್ರ ಬ್ಯಾಡಾಗಿದ್ದೆ ಅಂತ ತಿಳ್ಕೊಂಡ ಬೆಳದಾಕಿ ನಾನು. ಮೊನ್ನೆ ಆ ಫೋಟೊದಾಗ ಆಕಿ ನನ್ನ ಹೆಂಗ ಹಿಡಕೊಂಡಾಳ ನೋಡಿದ್ಯಾ, ಬ್ಯಾಡಾದ ಕೂಸಿನ್ನ ಯಾರೂ ಹಂಗ ಹಿಡಕೊಳ್ಳಂಗಿಲ್ರಿ.”

ಚಿತ್ರದ ತಾರೀಕು 2039ರ ಅಕ್ಟೋಬರ್ ಮೂರು ಎಂದು ಅನಸೂಯಾಳಿಗೆ ಗೊತ್ತಿತ್ತು. ಮಂದಾಕಿನಿಗೆ ಅದನ್ನು ಹೇಳಿದಾಗ ಅವಳು ಚಿತ್ರವನ್ನು ಇನ್ನೊಮ್ಮೆ ತೋರಿಸಲು ಕೇಳಿದಳು.

2085ರ ಹೊತ್ತಿಗೆ ಬಿಸಿಲು ಮೊದಲಿನಂತಿರಲಿಲ್ಲ. ಹನ್ನೊಂದಾಗುವ ಹೊತ್ತಿಗೆ ಊರು ಬಾಗಿಲು ಹಾಕಿಕೊಂಡು, ಸಂಜೆ ನಾಲ್ಕರ ಮೇಲೆ ಮತ್ತೆ ತೆರೆಯುತ್ತಿತ್ತು. ಅನಸೂಯಾ ಅತಿಥಿಯನ್ನು ಮನೆಗೆ ಊಟಕ್ಕೆ ಕರೆದುಕೊಂಡು ಹೋದಳು. ಅವಳ ಗಂಡ ವಸಂತ ಹೈಸ್ಕೂಲ್ ಮಾಸ್ತರ. ನಸುಕಿನ ಶಾಲೆ ಮುಗಿಸಿ ಬಂದು ರೊಟ್ಟಿ ಬಡಿದು, ಹೆಸರುಕಾಳಿನ ಪಲ್ಯ ಮಾಡಿಟ್ಟಿದ್ದ. ಮಂದಾಕಿನಿಯ ವಿಷಯ ಅವನಿಗಿನ್ನೂ ಗೊತ್ತಿರಲಿಲ್ಲ. ಹೊಸಬರು ಸಂಕೋಚಪಡಬಾರದೆಂದು ಶಾಲೆಯ ಮಾತು ತೆಗೆದ.

“ಇವತ್ತ ನನಗ ಒಬ್ಬಾಕಿ ಹುಡುಗಿ ಛಲೋ ಪಾಠ ಕಲಿಸಿದ್ಲು ನೋಡ್ರಿ. ಬ್ಯಾರೆ ಸಾಲಿಯಿಂದ ಬಂದಾಳ, ಒಂದು ವಾರ ಆತು. ಆಕಿ ಹೆಸರು ಹಾಜರಿಯೊಳಗ ಇನ್ನೂ ಏರಿಲ್ಲ. ನಾ ದಿನಾ ಹೆಸರು ಕೂಗಿ, ಎಲ್ಲಾರೂ ಬಂದಾರಂತ ಕಳಿಸೀನಿ. ಇವತ್ತ ಎದ್ದು ನಿಂತು ‘ಸರ್, ನನ್ನ ಹೆಸರು ಯಾವಾಗ ಕರೀತೀರಿ?’ ಅಂತ ಕೇಳಿದ್ಲು.”

ಮಂದಾಕಿನಿ ನಕ್ಕಳು. ಅನಸೂಯಾ ನಗಲಿಲ್ಲ. ಮುರಿದ ರೊಟ್ಟಿಯ ತುಂಡು ಕೈಯಲ್ಲೇ ಉಳಿಯಿತು.

“ಗಸ್ತು ಬಂಡಿ ಹಳಿ ಮ್ಯಾಲೆ ಓಡ್ತೈತಿ,” ಎಂದಳು ನಿಧಾನವಾಗಿ. “ಹಳಿ ಇಲ್ಲದ ಕಂಬ ಇದ್ರ ಅದು ಎಲ್ಲಿ ನೋಡ್ತೈತಿ?”

“ಹಳಿ ಇಲ್ಲದ ಕಂಬ ಯಾಕ ಕಟ್ತಾರ?” ಎಂದ ವಸಂತ.

“ಕಟ್ಟೂ ಮುಂದ ಹಳಿ ಬರ್ತಾವಂತನ ಕಟ್ಟಿರ್ತಾರ.”

ಊಟ ಅರ್ಧಕ್ಕೆ ನಿಂತಿತು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅನಸೂಯಾ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ಹರಡಿದಳು. ಇಷ್ಟು ದಿನ ಅವಳು ಕಂಬದ ಮೈಯನ್ನೇ ನೋಡಿದ್ದಳು. ಈಗ ನೆಲದ ಮೇಲಿನ ನೆರಳು ನೋಡಿದಳು. ಪಕ್ಕದಲ್ಲಿ ನೆಟ್ಟಗೆ ನಿಂತ ಒಂದು ಕಬ್ಬಿಣದ ಸಲಾಕೆ ಇತ್ತು. ಸಲಾಕೆಗೂ ಅದರ ನೆರಳಿಗೂ ಇರುವ ಅಳತೆಯಿಂದ ಸೂರ್ಯ ಎಷ್ಟು ಎತ್ತರದಲ್ಲಿದ್ದನೆಂದು ತಿಳಿಯುತ್ತದೆ. ತಾರೀಕು ಗೊತ್ತಿರುವುದರಿಂದ, ಆ ಎತ್ತರದಲ್ಲಿದ್ದ ಸೂರ್ಯ ಯಾವ ದಿಕ್ಕಿನಲ್ಲಿದ್ದನೆಂದೂ ಹೇಳಬಹುದು. ಬೆಳಗಿನದಾದರೆ ಒಂದು ದಿಕ್ಕು, ಸಂಜೆಯದಾದರೆ ಇನ್ನೊಂದು. ದಿಕ್ಕು ಸಿಕ್ಕಿತೆಂದರೆ ಕಂಬದ ಮೇಲಿನ ಅಡ್ಡತೊಲೆ ಯಾವ ಕಡೆ ಮುಖ ಮಾಡಿತ್ತೆಂದು ಗೊತ್ತಾಗುತ್ತದೆ. ತೊಲೆ ಯಾವಾಗಲೂ ಹಳಿಗೆ ಅಡ್ಡಲಾಗಿರುತ್ತದೆ. ಅಂದಮೇಲೆ ಹಳಿ ಎತ್ತ ಸಾಗಬೇಕಿತ್ತೆಂದೂ ಗೊತ್ತಾದ ಹಾಗೆಯೇ.

ಎರಡು ಉತ್ತರ ಬಂದವು. ಎರಡರಲ್ಲಿ ಯಾವ ದಿಕ್ಕಿಗೂ ಈಗಿನ ಮೆಟ್ರೊ ಎಲ್ಲಿಯೂ ಸಾಗುತ್ತಿರಲಿಲ್ಲ.

ಮಂದಾಕಿನಿ ಗೋಡೆಯ ಹತ್ತಿರ ಬಂದು ನಿಂತಿದ್ದಳು. “ಅಂದ್ರ ಲೈನ್ ಬ್ಯಾರೆ ಕಡೆ ಹೋಗೂದಿತ್ತು?”

“ಹೌದು. ಆಮ್ಯಾಲೆ ಸರಿಸ್ಯಾರ. ಈ ಕಂಬ ಅಲ್ಲೇ ಬಿಟ್ಟಾರ.”

ಫಯಾಜನಿಗೆ ಫೋನು ಹೋಯಿತು. ಕೈಬಿಟ್ಟ ಮಾರ್ಗದ ನಕ್ಷೆಗಳು ನಿಯಂತ್ರಣ ಕೊಠಡಿಯಲ್ಲಿ ಉಳಿದಿರಲಿಲ್ಲ. ಆದರೆ 2039ರ ಉಪಗ್ರಹ ಚಿತ್ರಗಳು ಸಿಕ್ಕವು. ಸಂಜೆ ಅವನು ಅವುಗಳ ಮೇಲೆ ಅನಸೂಯಾ ಹೇಳಿದ ದಿಕ್ಕಿನಲ್ಲಿ ಗೆರೆಗಳನ್ನು ಸರಿಸುತ್ತ ಹೋದ. ಉಣಕಲ್ಲಿನ ಬಳಿ ಏನೂ ಇರಲಿಲ್ಲ, ಸತ್ತೂರಿನ ಬಳಿಯೂ ಇಲ್ಲ. ನವಲೂರಿನ ಹಳ್ಳದ ಆಚೆ, ಪೇರಲ ತೋಟಗಳ ಹಸಿರಿನ ನಡುವೆ, ಗೆರೆಯ ಮೇಲೆ ಸಾಲಾಗಿ ಮೂರು ಬಿಳಿ ಚುಕ್ಕೆಗಳು ಕಂಡವು.

“ಮೇಡಂ,” ಎಂದ ಫಯಾಜ್, “ನಾಳೆ ನಾನೂ ಬರ್ತೀನ್ರಿ.”

ಮರುದಿನ ಬೆಳಿಗ್ಗೆ ನವಲೂರಿಗೆ ಮೂವರೂ ಹೋದರು. ಮೂರು ಚುಕ್ಕೆಗಳಲ್ಲಿ ಎರಡು ಬರೀ ಬುನಾದಿಗಳು, ಮುಳ್ಳುಕಂಟಿ ಬೆಳೆದು ಮುಚ್ಚಿಹೋಗಿದ್ದವು. ಮೂರನೆಯದು ನಿಂತಿತ್ತು. ತೋಟದ ಅಂಚಿನಲ್ಲಿ, ಯಾವ ರಸ್ತೆಗೂ ಸೇರದೆ, ನೆತ್ತಿಯ ಮೇಲೆ ಖಾಲಿ ತೊಲೆ ಹೊತ್ತುಕೊಂಡು ಒಂಟಿ ಕಂಬ. ತೊಲೆಯ ಮೇಲೆ ಪಾರಿವಾಳಗಳು ಗೂಡು ಕಟ್ಟಿದ್ದವು. ಕಂಬದ ಬುಡಕ್ಕೆ ಒಂದು ತಗಡಿನ ಚಪ್ಪರ ಕಟ್ಟಿ ಪೇರಲ ಬುಟ್ಟಿಗಳನ್ನು ನೆರಳಿಗಿಟ್ಟಿದ್ದರು.

ಬಣ್ಣ ಕಾಣದ ಕಂಬವಾದ್ದರಿಂದ ಕುಳಿಗಳು ಬರಿಗಣ್ಣಿಗೇ ಕಾಣುತ್ತಿದ್ದವು. ನಲವತ್ತಾರು ಮಳೆಗಾಲ ಅವುಗಳ ಅಂಚು ಸವೆಸಿತ್ತು, ಕೆಲವಕ್ಕೆ ಪಾಚಿ ತುಂಬಿತ್ತು. ಅನಸೂಯಾ ಕೈಯಂತ್ರವನ್ನು ಕಂಬದ ಮೈಮೇಲೆ ಮೆಲ್ಲಗೆ ಎಳೆದಳು. ಕುರುಹು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಚಿತ್ರದ ಕುಳಿಗಳೂ ಕಂಬದ ಕುಳಿಗಳೂ ಪರದೆಯ ಮೇಲೆ ಒಂದೊಂದಾಗಿ ಕೂಡಿಕೊಂಡವು.

“ಇದ,” ಎಂದಳು ಅನಸೂಯಾ.

ಮಂದಾಕಿನಿ ಚಿತ್ರದಲ್ಲಿ ತಾಯಿ ನಿಂತಿದ್ದ ಜಾಗಕ್ಕೆ ಹೋಗಿ ನಿಂತಳು. ಕಂಬಕ್ಕೆ ಒರಗಲಿಲ್ಲ. ನಿಲ್ಲಬೇಕಾದ ಜಾಗದಲ್ಲಿ ನಿಂತೆನೋ ಇಲ್ಲವೋ ಎಂಬಂತೆ ನೆಲ ನೋಡಿದಳು.

ತೋಟದ ಒಡತಿ ಶಿವಗಂಗಾ ಹಂಚಿನಾಳ ಎಂಬತ್ತರ ಹತ್ತಿರದವರು. ಇವರನ್ನು ಮೊದಲು ಪೇರಲ ಕೊಳ್ಳುವವರೆಂದು ತಿಳಿದು ಬುಟ್ಟಿ ಮುಂದೆ ತಂದಿಟ್ಟರು. ಅನಸೂಯಾ ಚಿತ್ರ ತೋರಿಸಿದಾಗ ಬುಟ್ಟಿ ಬಿಟ್ಟು ಕೂತುಬಿಟ್ಟರು.

“ಇಕಿ ನಮ್ಮ ಹುಲಿಗೆಮ್ಮ.”

“ಗೊತ್ತಾ ಕಾಕು ನಿಮಗ?” ಎಂದ ಫಯಾಜ್.

“ಗೊತ್ತಿಲ್ದ ಏನು? ಸುರಪುರ ಕಡೆಯಿಂದ ಗಂಡ-ಹೆಣ್ತಿ ದುಡ್ಯಾಕ ಬಂದಿದ್ರು. ಹಳ್ಳದ ದಂಡಿ ಮ್ಯಾಲೆ ತಗಡಿನ ಶೆಡ್ ಇದ್ದುವು. ಆ ವರ್ಷ ದಸರಾ ಮುಂದ ಮುಗಿಲ ಹರದು ಬಿದ್ದಂಗ ಮಳಿ ಬಂತು. ಶೆಡ್ ಎಲ್ಲಾ ಕೊಚ್ಚಿಕೊಂಡು ಹ್ವಾದುವು. ಹುಲಿಗೆಮ್ಮನ ಕಾಲು ಮುರದು ದವಾಖಾನಿಗೆ ಹಾಕಿದ್ರು. ಎರಡು ಶೆಡ್ಡಿನ ಎರಡು ಹೆಣ್ಣ ಕೂಸು ಕಾಣಲಿಲ್ಲ. ಕೆಳಗ ಒಂದು ಕೂಸಿನ ಹೆಣ ಸಿಕ್ತು.” ಶಿವಗಂಗಾ ಸೆರಗಿನಿಂದ ಬಾಯಿ ಒರೆಸಿಕೊಂಡರು. “ದಸರಾಕ್ಕಂತ ಸೈಟಿನವರು ಎಲ್ಲಾ ಹುಡುಗರಿಗೂ ಒಂದ ನಮೂನಿ ಅರಿಬಿ ಕೊಟ್ಟಿದ್ರು. ಆಕಿ ಗಂಡ ಅಂಗಿ ಚುಂಗ ನೋಡಿ ‘ನಮ್ಮದ’ ಅಂದ. ಸರಿಸಿ ನೋಡಾಕ ಅವನ ಜೀವ ಆಗಲಿಲ್ಲ. ಮಣ್ಣ ಮಾಡಿದ್ರು. ಇನ್ನೊಂದು ಶೆಡ್ಡಿನವರು ತಮ್ಮ ಕೂಸು ಸಿಗಲೇ ಇಲ್ಲಂತ ಅತ್ಕೋತ ಊರಿಗೆ ಹ್ವಾದ್ರು. ಹುಲಿಗೆಮ್ಮ ದವಾಖಾನಿಯಿಂದ ಬಂದಾಕಿನ ಗಂಡಗ ಕೇಳಿದ್ಲು, ‘ಕೈ ನೋಡಿದ್ಯಾ?’ ಅಂತ. ಅವ ನೋಡೇ ಇರಲಿಲ್ಲ.”

ಮಂದಾಕಿನಿ ತನ್ನ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡಿದ್ದಳು.

“ಆ ಮಳಿಗೆ ಇಲ್ಲಿ ನೆಲ ಕುಸೀತಂತ ಲೈನ್ ಹೆದ್ದಾರಿ ಕಡೆ ಸರಿಸಿದ್ರು. ಎಲ್ಲಾರೂ ಗಂಟು ಕಟ್ಟಿದ್ರು. ಹುಲಿಗೆಮ್ಮ ಮಾತ್ರ ಎರಡು ವರ್ಷ ನಮ್ಮ ತ್ವಾಟದಾಗ ದುಡದ್ಲು. ಗಂಡ ಊರಿಂದ ಬಂದು ಹೋಗಿ ಮಾಡ್ತಿದ್ದ. ಹಳ್ಳದ ಗುಂಟ ಎಷ್ಟು ಊರು ತಿರಗ್ಯಾಳೊ. ಆಮ್ಯಾಲೆ ಬಸರಾದ್ಲು, ಗಂಡ ಬಂದು ಕರಕೊಂಡ ಹ್ವಾದ.”

“ಈಗ?” ಎಂದಳು ಮಂದಾಕಿನಿ.

ಶಿವಗಂಗಾ ಆಗ ಅವಳ ಮುಖವನ್ನು ಸರಿಯಾಗಿ ನೋಡಿದರು. ಚಿತ್ರ ನೋಡಿದರು. ಮತ್ತೆ ಮುಖ ನೋಡಿದರು.

“ಅದಾಳವ್ವ. ಗಂಡ ಇಲ್ಲ ಈಗ. ಆಕಿ ಮಗಾ ನಮ್ಮಲ್ಲಿಂದ ಸಸಿ ಒಯ್ದು ಊರಾಗ ಪೇರಲ ಹಚ್ಯಾನ. ಪ್ರತಿ ವರ್ಷ ಫೋನ್ ಮಾಡ್ತಾಳ.”

ಫೋನು ಕೈಯಲ್ಲಿತ್ತು, ನಂಬರು ಅದರಲ್ಲಿತ್ತು. ಮಂದಾಕಿನಿ ಬೇಡವೆಂದಳು. “ಮಣ್ಣ ಮಾಡಿ ಬಂದು ಇಷ್ಟು ವರ್ಷ ಹೆಂಗೊ ಸಮಾಧಾನ ಮಾಡ್ಕೊಂಡಿರ್ತಾರ. ನಾ ಅಲ್ಲ ಅಂತಾದ್ರ ಆಕಿಗೆ ಇನ್ನೊಮ್ಮೆ ಮಣ್ಣ ಮಾಡಿಸಿದಂಗ ಆಗ್ತೈತ್ರಿ. ಮೊದಲ ಪರೀಕ್ಷೆ ಆಗ್ಲಿ.”

ಹಾಗಾಗಿ ಶಿವಗಂಗಾ ಫೋನು ಮಾಡಿದ್ದು ಹುಲಿಗೆಮ್ಮನ ಮಗನಿಗೆ. ದೇವಪ್ಪ ಎಂಬ ಆ ನಲವತ್ತೆರಡರ ಗಂಡಸು ಎಲ್ಲವನ್ನೂ ಕೇಳಿಸಿಕೊಂಡು, “ಅವ್ವಗ ಹೇಳದಂಗ ನನ್ನ ಎಂಜಲ ಕಳಸ್ತೀನಿ, ಮೊದಲ ನಂದು ನೋಡ್ರಿ,” ಎಂದ. ಉತ್ತರ ಬರುವವರೆಗೆ ಮಂದಾಕಿನಿ ಬೆಳಗಾವಿಗೆ ಹೋಗಿ ಎಂದಿನಂತೆ ಜನರ ಎಲುಬುಗಳ ಚಿತ್ರ ತೆಗೆದಳು. ಆ ದಿನಗಳಲ್ಲಿ ಮೊದಲ ಸಲ ಒಬ್ಬ ರೋಗಿಯ ಎಡಗೈ ಬದಲು ಬಲಗೈಯ ಚಿತ್ರ ತೆಗೆದು ಬೈಸಿಕೊಂಡಳೆಂದು ಆಮೇಲೆ ಅನಸೂಯಾಳಿಗೆ ಹೇಳಿದಳು.

ಉತ್ತರ ಬಂತು. ಒಂದೇ ತಾಯಿ-ತಂದೆಯ ಮಕ್ಕಳು.

ದೇವಪ್ಪ ಆ ಸಂಜೆ ತಾಯಿಗೆ ಹೇಳಿದ. ಹುಲಿಗೆಮ್ಮ ಅಳುತ್ತಾಳೆಂದು ಮನೆಯವರೆಲ್ಲ ಸುತ್ತ ಕೂತಿದ್ದರು. ಅವಳು ಅಳಲಿಲ್ಲ. “ಹಂಗಾದ್ರ ನಾವು ಮಣ್ಣಾಗ ಇಟ್ಟ ಕೂಸು ಅವರದು,” ಎಂದಳು. “ಪಕ್ಕದ ಶೆಡ್ಡಿನಾಕಿ, ಲಿಂಗಸೂರು ಕಡೆಯಾಕಿ. ಆಕಿಗಿ ಯಾರಾದ್ರೂ ಹೇಳಬೇಕಲ್ಲೋ. ಆಕಿ ಇನ್ನಾ ಹಾದಿ ನೋಡ್ತಿರ್ಬಕು.”

ದೇವಪ್ಪನಿಂದ ಈ ಮಾತು ಅನಸೂಯಾಳಿಗೆ ಮುಟ್ಟಿತು. ಪ್ರದರ್ಶನ ಶುರುವಾಗಲು ಒಂದು ವಾರವಿತ್ತು. ಅವಳೂ ಫಯಾಜನೂ ಕೂತು ಆ ಅಕ್ಟೋಬರಿನ ಅಷ್ಟೂ ಚಿತ್ರಗಳನ್ನು ಮತ್ತೆ ತೆರೆದರು. ಯಾವುದೋ ಒಂದರಲ್ಲಿ ಪಕ್ಕದ ಶೆಡ್ಡಿನ ತಾಯಿ ಇರಬಹುದು. ಗಸ್ತು ಬಂಡಿ ನೋಡದ ಕಂಬಗಳು, ಬುನಾದಿಗಳು ಇನ್ನೆಲ್ಲಿವೆಯೆಂದು ಹುಡುಕಲು ನಿಯಂತ್ರಣ ಕೊಠಡಿಯ ಇಬ್ಬರು ಹುಡುಗಿಯರನ್ನು ಫಯಾಜ್ ತಾನಾಗಿಯೇ ಬಿಟ್ಟುಕೊಟ್ಟ. “ಇದು ಪ್ರದರ್ಶನಕ್ಕ ಮುಗಿಯೂ ಕೆಲಸ ಅಲ್ರಿ,” ಎಂದ. ಮೊದಲಿನ ಅವಸರ ಅವನ ದನಿಯಲ್ಲಿರಲಿಲ್ಲ.

ಹುಲಿಗೆಮ್ಮ ಬರುವ ದಿನ ಮಂದಾಕಿನಿ ಅನಸೂಯಾಳನ್ನು ಜೊತೆಗೆ ಕರೆದಳು. ಧಾರವಾಡ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಮಂದಾಕಿನಿಯ ಗಂಡನೂ ಮಗಳೂ ಒಂದು ಬೆಂಚಿನಲ್ಲಿ ಕೂತಿದ್ದರು. ಮಂದಾಕಿನಿಗೆ ಕೂರಲಾಗಲಿಲ್ಲ.

“ಏನಂತ ಕರೀಬೇಕ್ರಿ?” ಎಂದು ಕೇಳಿದಳು. “ಬಾಲಮಂದಿರದಾಗ ಬಾಯಿ ಅಂತಿದ್ವಿ. ಅವ್ವ ಅಂತ ನಾ ಯಾರಿಗೂ ಅಂದ ನೆನಪಿಲ್ಲ.”

ಅಷ್ಟರಲ್ಲಿ ರೈಲು ಬಂತು.

ದೇವಪ್ಪ ಮೊದಲು ಇಳಿದು ತಾಯಿಗೆ ಕೈಕೊಟ್ಟ. ಹುಲಿಗೆಮ್ಮ ಸಣ್ಣ ಆಳು. ಒಂದು ಕಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದಳು. ಪ್ಲಾಟ್‌ಫಾರ್ಮಿನ ಮೇಲೆ ನಿಂತು ಸೀರೆಯ ನಿರಿಗೆ ಸರಿಮಾಡಿಕೊಂಡು, ತಲೆ ಎತ್ತಿ, ಎದುರಿಗೆ ನಿಂತ ನಲವತ್ತೊಂಬತ್ತರ ಹೆಂಗಸನ್ನು ನೋಡಿದಳು. ಕೂದಲಲ್ಲಿ ಬಿಳಿ ಎಳೆ, ಮೂಗಿನ ಮೇಲೆ ಕನ್ನಡಕ, ಹೆಗಲಲ್ಲಿ ಚೀಲ.

ಹುಲಿಗೆಮ್ಮನಿಗೆ ಸಿಟ್ಟು ಬಂದಿತ್ತು. ಆಡಲು ಹೋಗಿ ತಡಮಾಡಿ ಮನೆಗೆ ಬಂದ ಮಗುವಿನ ಮೇಲೆ ಬರುವಂಥ ಸಿಟ್ಟು.

“ಎಲ್ಲಿಗಿ ಹೋಗಿದ್ದಿ ನಿಂಗೀ?” ಎಂದಳು. “ಎಟ್ಟು ಹುಡಕಬೇಕು ನಿನ್ನ?”

ನಿಂಗಿ. ತನಗೆ ಆ ಹೆಸರಿತ್ತೆಂದು ಮಂದಾಕಿನಿಗೆ ಆ ಗಳಿಗೆಯವರೆಗೂ ಯಾರೂ ಹೇಳಿರಲಿಲ್ಲ, ಅವಳು ಕೇಳಿಯೂ ಇರಲಿಲ್ಲ. ಆದರೂ ಕರೆದದ್ದು ತನ್ನನ್ನೇ ಎಂದು ಅವಳಿಗೆ ಗೊತ್ತಾಯಿತು.

“ಬಂದ್ನಿ ಅವ್ವ,” ಎಂದಳು. “ತಡಾ ಆತು.”

ಹುಲಿಗೆಮ್ಮ ಎರಡು ಹೆಜ್ಜೆ ಮುಂದೆ ಬಂದು ಅವಳ ಮಣಿಕಟ್ಟು ಹಿಡಿದಳು. ಗಾರೆ ಹೊತ್ತು ಗಟ್ಟಿಯಾದ ಕೈ, ಅರವತ್ತೆಂಟರಲ್ಲೂ ಹಿಡಿತ ಸಡಿಲವಾಗಿರಲಿಲ್ಲ. ಅಳಿಯ ಕಾಲಿಗೆ ಬಿದ್ದಾಗ ಬಿಡಲಿಲ್ಲ, ಮೊಮ್ಮಗಳು ಅಪ್ಪಿಕೊಂಡಾಗಲೂ ಬಿಡಲಿಲ್ಲ. ಮೇಲ್ಸೇತುವೆಯ ಮೆಟ್ಟಿಲ ಬಳಿ ದೇವಪ್ಪ, “ಅವ್ವಾ, ಕಟಾಂಜನ ಹಿಡಕೊಂಡು ಏರು, ಕಾಲು ಜಾರ್ತದ,” ಎಂದ.

“ಒಂದು ಕೈ ಖಾಲಿ ಅದ, ಅದ್ರಲಿಂದ ಹಿಡಕೊಂಡೀನಿ,” ಎಂದಳು ಹುಲಿಗೆಮ್ಮ, ಮಗಳನ್ನು ಪಕ್ಕಕ್ಕೆಳೆದುಕೊಂಡು ಮೆಟ್ಟಿಲು ಏರುತ್ತ.